ಕಚೇರಿ ವೈಟ್‌ಫೀಲ್ಡಿನಲ್ಲಿ, ನೆಂಟರು ವಿಜಯನಗರದಲ್ಲಿ: ಬೆಂಗಳೂರಿನಲ್ಲಿ ಬಡಾವಣೆ ಆರಿಸಿದ ಅನುಭವ

ನೇಮಕಾತಿ ಪತ್ರದಲ್ಲಿದ್ದ ವಿಳಾಸ ಎಂ.ಜಿ. ರಸ್ತೆಯದು. ಅದನ್ನು ಓದಿದ್ದೇ ತಡ, ದಾವಣಗೆರೆಯ ನಮ್ಮ ಮನೆಯಲ್ಲಿ ಹಲಸೂರು, ಇಂದಿರಾನಗರ ಎಂದು ಚರ್ಚೆ ಶುರುವಾಗಿತ್ತು. ನಾನು ಕಂಪನಿಯ ಎಚ್‌ಆರ್ ವಿಭಾಗಕ್ಕೆ ಫೋನ್ ಮಾಡಿ, "ನಾನು ದಿನಾ ಕೂರಬೇಕಾದ ಕುರ್ಚಿ ಯಾವ ಕಟ್ಟಡದಲ್ಲಿದೆ?" ಎಂದು ಕೇಳಿದೆ. ಎಂ.ಜಿ. ರಸ್ತೆಯದು ನೋಂದಾಯಿತ ಕಚೇರಿಯಂತೆ. ನನ್ನ ತಂಡ ಇರುವುದು ವೈಟ್‌ಫೀಲ್ಡಿನಲ್ಲಿ, ಪಟ್ಟಂದೂರು ಅಗ್ರಹಾರ ಮೆಟ್ರೊ ನಿಲ್ದಾಣದ ಹತ್ತಿರ. ಎರಡಕ್ಕೂ ಹದಿನೈದು ಕಿಲೋಮೀಟರಿಗಿಂತ ಹೆಚ್ಚಿನ ಅಂತರ.

ಹೊಸ ಕೆಲಸಕ್ಕೆ ಹೊರಟವರು ಮನೆ ಹುಡುಕುವ ಮೊದಲು ಇದೊಂದನ್ನು ಇಮೇಲಿನಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು: ಕಟ್ಟಡ ಯಾವುದು, ವಾರಕ್ಕೆ ಎಷ್ಟು ದಿನ ಕಚೇರಿಗೆ ಬರಬೇಕು, ವರ್ಷದೊಳಗೆ ತಂಡ ಬೇರೆಡೆಗೆ ಹೋಗುವ ಮಾತು ಇದೆಯೇ. ಮೂರನೆಯ ಪ್ರಶ್ನೆಗೆ ಯಾರೂ ಖಚಿತ ಉತ್ತರ ಕೊಡುವುದಿಲ್ಲ. ಆದರೂ ಕೇಳಿ; ಉತ್ತರ ಕೊಡುವಾಗ ಅವರು ತಡವರಿಸಿದರೆ ಅದೂ ಒಂದು ಉತ್ತರವೇ.

ನಮ್ಮದು ನಾಲ್ಕು ಜನರ ಸಂಸಾರ. ಯಜಮಾನರದು ತೆರಿಗೆ ಸಲಹೆಯ ಕೆಲಸ, ಎಲ್ಲಿ ಕುಳಿತಾದರೂ ಮಾಡಬಹುದು. ಮಗಳು ಐದನೆಯ ತರಗತಿಯ ಪರೀಕ್ಷೆ ಮುಗಿಸಬೇಕಿತ್ತು. ಅತ್ತೆಗೆ ಮೊಣಕಾಲು ನೋವು. ನಾನು ಫೆಬ್ರುವರಿಯಲ್ಲಿ ಕೆಲಸಕ್ಕೆ ಸೇರುವುದು, ಪರೀಕ್ಷೆ ಮುಗಿದ ಮೇಲೆ ಉಳಿದವರು ಬರುವುದು ಎಂದು ತೀರ್ಮಾನವಾಯಿತು. ಹೀಗಾಗಿ ಬಡಾವಣೆಗಳನ್ನು ಸಾವಕಾಶವಾಗಿ ನೋಡುವುದಕ್ಕೆ ಒಂದು ಬೇಸಿಗೆ ನನ್ನ ಕೈಯಲ್ಲಿತ್ತು. ಅದು ಬೇಸಿಗೆಯೇ ಆಗಿದ್ದುದು ಎಷ್ಟು ಅನುಕೂಲವಾಯಿತು ಎಂಬುದನ್ನು ಮುಂದೆ ಹೇಳುತ್ತೇನೆ.

ದಾವಣಗೆರೆ, ಚಿತ್ರದುರ್ಗದ ಕಡೆಯ ಬಸ್ಸುಗಳು ಬೆಂಗಳೂರನ್ನು ಹೊಗುವುದು ತುಮಕೂರು ರಸ್ತೆಯಿಂದ. ಅದಕ್ಕೋ ಏನೋ, ನಮ್ಮ ನೆಂಟರಿಷ್ಟರೆಲ್ಲ ನೆಲೆಸಿರುವುದು ಯಶವಂತಪುರ, ರಾಜಾಜಿನಗರ, ವಿಜಯನಗರದ ಸುತ್ತಮುತ್ತ. ವಿಜಯನಗರದ ದೊಡ್ಡಮ್ಮ ಫೋನಿನಲ್ಲೇ ತೀರ್ಪು ಕೊಟ್ಟುಬಿಟ್ಟಿದ್ದರು: "ನಮ್ಮ ಬೀದಿಯಲ್ಲೇ ಮನೆ ನೋಡೋಣ. ಮಗುವಿಗೆ ಜ್ವರ ಬಂದರೆ ನಾನಿದ್ದೇನೆ. ಮೆಟ್ರೊ ಹತ್ತಿದರೆ ಇಳಿಯುವುದು ಆಫೀಸಿನ ಮುಂದೆಯೇ ಅಲ್ಲವೇ?"

ಅವರ ಮಾತು ಸುಳ್ಳಲ್ಲ. ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್ ಕಾಡುಗೋಡಿಯವರೆಗೆ 43.49 ಕಿಲೋಮೀಟರ್ ಉದ್ದಕ್ಕೂ ಒಂದೇ ರೈಲಿನಲ್ಲಿ ಹೋಗುತ್ತದೆ. ಬೈಯಪ್ಪನಹಳ್ಳಿ ಮತ್ತು ಕೆ.ಆರ್. ಪುರದ ನಡುವಿನ ಸುಮಾರು ಎರಡು ಕಿಲೋಮೀಟರ್ ತುಂಡು ಬಾಕಿ ಇದ್ದಾಗ ಇದು ಸಾಧ್ಯವಿರಲಿಲ್ಲ. 2023ರ ಅಕ್ಟೋಬರ್ 9ರಿಂದ ಆ ತೊಡಕಿಲ್ಲ. ಹಾಗಾಗಿ ಮೊದಮೊದಲು ದೊಡ್ಡಮ್ಮನ ಮನೆಯಿಂದಲೇ ಕಚೇರಿಗೆ ಓಡಾಡಿದೆ.

ಬೆಳಗಿನ ರೈಲು ವಿಜಯನಗರಕ್ಕೆ ಬರುವಷ್ಟರಲ್ಲಿ ಸೀಟುಗಳು ತುಂಬಿರುತ್ತವೆ. ಮೆಜೆಸ್ಟಿಕ್‌ನಲ್ಲಿ ಇಳಿಯುವವರಿಗಿಂತ ಹಸಿರು ಮಾರ್ಗದಿಂದ ಬಂದು ಹತ್ತುವವರೇ ಹೆಚ್ಚು. ಎಂ.ಜಿ. ರಸ್ತೆ ದಾಟಿದರೆ ಖಾಲಿಯಾಗಬಹುದು ಎಂಬ ಆಸೆಯೂ ಸುಳ್ಳಾಗುತ್ತದೆ, ಏಕೆಂದರೆ ಕಂಬಿ ಹಿಡಿದು ನಿಂತಿರುವ ಎಲ್ಲರೂ ಹೋಗುವುದು ವೈಟ್‌ಫೀಲ್ಡ್ ಕಡೆಗೇ. ಮನೆಯ ಬಾಗಿಲಿನಿಂದ ಕಚೇರಿಯ ಬಾಗಿಲಿಗೆ ಒಂದೂಮುಕ್ಕಾಲು ಗಂಟೆ, ಅದರಲ್ಲಿ ಬಹುಪಾಲು ನಿಂತೇ. 2025ರ ಫೆಬ್ರುವರಿಯ ಪರಿಷ್ಕರಣೆಯಲ್ಲಿ ಗರಿಷ್ಠ ಪ್ರಯಾಣ ದರ 60ರಿಂದ 90 ರೂಪಾಯಿಗೆ ಏರಿತು. ನನ್ನ ದಾರಿಗೆ ಆ ಗರಿಷ್ಠ ದರವೇ. ಸ್ಮಾರ್ಟ್ ಕಾರ್ಡಿನ ಶೇ. 5 ರಿಯಾಯಿತಿ ಕಳೆದರೂ 22 ದಿನಗಳ ಲೆಕ್ಕದಲ್ಲಿ ತಿಂಗಳಿಗೆ 3,700 ರೂಪಾಯಿ ದಾಟುತ್ತದೆ. ದುಡ್ಡಿನ ಮಾತು ಬಿಡಿ. ರಾತ್ರಿ ಎಂಟೂವರೆಗೆ ಮನೆ ಸೇರಿ ದೊಡ್ಡಮ್ಮ ಬಡಿಸಿದ್ದನ್ನು ಉಂಡು ಮಲಗುವ ನಾನು, ಮಗಳು ಬಂದ ಮೇಲೆ ಅವಳ ಮುಖ ನೋಡುವುದು ಯಾವಾಗ?

"ಬೇಡ ದೊಡ್ಡಮ್ಮ, ದೂರವಾಗುತ್ತದೆ" ಎಂದಾಗ ಅವರಿಗೆ ಬೇಸರವಾಯಿತು. ಎರಡು ದಿನ ಮಾತು ಚುಟುಕಾಗಿಯೇ ಇತ್ತು. ನೆಂಟರ ಮನೆಯಲ್ಲಿ ಉಳಿದುಕೊಂಡು ಬೇರೆ ಬಡಾವಣೆಯಲ್ಲಿ ಮನೆ ಹುಡುಕುವುದು ಇಬ್ಬರಿಗೂ ಮುಜುಗರ. ಕಚೇರಿಯ ಹತ್ತಿರ ಒಂದು ಮಹಿಳಾ ಪಿಜಿಗೆ ಹೋದೆ. ಊಟ ಸೇರಿ ತಿಂಗಳಿಗೆ 11,000 ರೂಪಾಯಿ. ಊಟದ ವಿಷಯ ಹೇಳದಿರುವುದೇ ಲೇಸು. ಆದರೆ ಸಂಜೆ ಆರರ ಮೇಲೆ ಮತ್ತು ಶನಿವಾರ, ಭಾನುವಾರ ಸುತ್ತಾಡುವುದಕ್ಕೆ ಕಾಲಿನ ಬಲವೊಂದಿದ್ದರೆ ಸಾಕಾಗಿತ್ತು.

ಕಚೇರಿಯ ಪಕ್ಕದಲ್ಲೇ ಮನೆ ಮಾಡಿದರೆ ಎಲ್ಲವೂ ಬಗೆಹರಿಯುತ್ತದೆ ಎಂದು ಸಹೋದ್ಯೋಗಿಗಳು ಹೇಳುತ್ತಿದ್ದರು. ಕಾಡುಗೋಡಿ, ಚನ್ನಸಂದ್ರ, ಕುಂದಲಹಳ್ಳಿ, ಹೂಡಿ ಎಂದು ಒಂದೊಂದಾಗಿ ನೋಡುತ್ತಾ ಹೋದೆ. ಡಬಲ್ ಬೆಡ್‌ರೂಮ್ ಮನೆಗೆ ನನಗೆ ಹೇಳಿದ ಬಾಡಿಗೆ 26,000ದಿಂದ 35,000 ರೂಪಾಯಿ. ಅಪಾರ್ಟ್‌ಮೆಂಟ್ ಆದರೆ ನಿರ್ವಹಣಾ ವೆಚ್ಚ ಬೇರೆ. ಅದನ್ನು ಬಾಯಿಬಿಟ್ಟು ಕೇಳುವವರೆಗೆ ಯಾರೂ ಹೇಳುವುದಿಲ್ಲ. ಹೊಸ ಟೈಲ್ಸ್, ದೊಡ್ಡ ಕಿಟಕಿ, ಲಿಫ್ಟ್, ಮಕ್ಕಳಿಗೆ ಜೋಕಾಲಿ, ಎಲ್ಲವೂ ಇತ್ತು. ನಾನು ಹೆಚ್ಚು ಹೊತ್ತು ನೋಡಿದ್ದು ಅಡುಗೆಮನೆಯ ನಲ್ಲಿಯನ್ನು.

ಮೂರನೆಯ ಮಹಡಿಯ ಒಂದು ಮನೆಯಲ್ಲಿ ಆ ನಲ್ಲಿಯ ಬಾಯಿಯ ಜಾಲರಿ ಅರ್ಧಕ್ಕರ್ಧ ಮುಚ್ಚಿಹೋಗಿತ್ತು. ಉಗುರಿನಿಂದ ಕೆರೆದರೆ ಬಿಳಿಯ ಗಟ್ಟಿ ಪದರ ಚಕ್ಕೆಚಕ್ಕೆಯಾಗಿ ಎದ್ದು ಬಂತು. ಸಿಂಕಿನ ಉಕ್ಕಿನ ಮೇಲೆ, ಬಚ್ಚಲುಮನೆಯ ಗಾಜಿನ ಮೇಲೆ ಅದೇ ಬೂದು ಕಲೆ. ಮನೆಗೆ ಬಣ್ಣ ಹೊಡೆದು ತಿಂಗಳಾಗಿರಲಿಲ್ಲ. ನೀರಿನ ಗುರುತನ್ನು ಮಾತ್ರ ಬಣ್ಣದಿಂದ ಮುಚ್ಚಲು ಆಗಿರಲಿಲ್ಲ. ಕೊಳವೆ ಬಾವಿಯ ಗಡಸು ನೀರು. ಅದೂ ಸಾಲದೆ ಬಂದರೆ ಟ್ಯಾಂಕರ್. ಕೆಳಗೆ ಬಂದು ಕಾವಲುಗಾರನನ್ನು, "ದಿನಕ್ಕೆ ಎಷ್ಟು ಟ್ಯಾಂಕರ್ ಬರುತ್ತದೆ ಅಣ್ಣಾ?" ಎಂದು ಕೇಳಿದೆ. "ಈಗ ನಾಲ್ಕು. ಏಪ್ರಿಲ್ ಬಂದರೆ ಹೇಳಲಾಗದು ಮೇಡಂ" ಎಂದ. ದಲ್ಲಾಳಿ ಅವನನ್ನು ದುರುಗುಟ್ಟಿ ನೋಡಿದ.

ಈ ಭಾಗದ ನೀರಿನ ಕಥೆಯನ್ನು ಬರುವವರು ತಿಳಿದಿರಬೇಕು. ನಗರ ಬೆಳೆದಾಗ ಪಾಲಿಕೆಗೆ ಸೇರಿದ 110 ಹಳ್ಳಿಗಳು, ಅವುಗಳಲ್ಲಿ ಮಹದೇವಪುರ ಕಡೆಯ ಹಲವು, ವರ್ಷಗಟ್ಟಲೆ ಕೊಳವೆ ಬಾವಿ ಮತ್ತು ಟ್ಯಾಂಕರನ್ನೇ ನೆಚ್ಚಿಕೊಂಡಿದ್ದವು. 2024ರ ಬೇಸಿಗೆಯಲ್ಲಿ ಬಾವಿಗಳು ಬತ್ತಿದಾಗ ಟ್ಯಾಂಕರಿನ ಬೆಲೆ ಗಗನಕ್ಕೇರಿ, ಜಿಲ್ಲಾಡಳಿತವೇ ದರ ನಿಗದಿ ಮಾಡಬೇಕಾಯಿತು. ಐದು ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ ಎಂದು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಚಾಲನೆಗೊಂಡಿತು. ದಿನಕ್ಕೆ 775 ದಶಲಕ್ಷ ಲೀಟರ್ ನೀರು ಈ ಹಳ್ಳಿಗಳಿಗೆಂದೇ.

ಆದ್ದರಿಂದ ಈಗ ಎಲ್ಲ ದಲ್ಲಾಳಿಗಳ ಬಾಯಲ್ಲೂ ಒಂದೇ ಮಾತು: "ಕಾವೇರಿ ಬಂದಿದೆ ಮೇಡಂ." ಎಲ್ಲಿಗೆ ಬಂದಿದೆ ಎಂದು ಕೇಳಬೇಕು. ಬೀದಿಯ ಕೊಳವೆಗೆ ಬಂದಿರುವುದು ಬೇರೆ, ಮನೆಯ ಸಂಪಿಗೆ ಬಂದಿರುವುದು ಬೇರೆ. ಸಂಪರ್ಕ ಪಡೆಯಲು ಮಾಲೀಕರು ಜಲಮಂಡಳಿಗೆ ಹಣ ಕಟ್ಟಬೇಕು, ದೊಡ್ಡ ಕಟ್ಟಡವಾದರೆ ಆ ಮೊತ್ತ ಸಣ್ಣದಲ್ಲ. ಎಷ್ಟೋ ಮಾಲೀಕರು ಇನ್ನೂ ಕಟ್ಟಿಲ್ಲ. ಜಲಮಂಡಳಿಯ ಇತ್ತೀಚಿನ ಬಿಲ್ ತೋರಿಸಿ ಎಂದು ನಾನು ಕೇಳುತ್ತಿದ್ದೆ. ಕೆಲವರು ನಕ್ಕರು, ಒಬ್ಬರು ಸಿಟ್ಟಾದರು. ಬಿಲ್ ತಂದು ತೋರಿಸಿದವರು ಬಹಳ ಕಡಿಮೆ. ಮಳೆಗಾಲದಲ್ಲಿ ಇದೇ ಮನೆಗಳನ್ನು ನೋಡಿದ್ದರೆ ಸಂಪು ತುಂಬಿರುತ್ತಿತ್ತು, ಕಾವಲುಗಾರನೂ ಟ್ಯಾಂಕರಿನ ಸುದ್ದಿ ಎತ್ತುತ್ತಿರಲಿಲ್ಲ. ಕೈಲಾದರೆ ಬೆಂಗಳೂರಿನಲ್ಲಿ ಮನೆಯನ್ನು ಮಾರ್ಚ್, ಏಪ್ರಿಲ್‌ನಲ್ಲಿ ನೋಡಿ. ಮಳೆಯ ನೀರು ನುಗ್ಗುವ ಜಾಗವೇ ಎಂಬುದನ್ನು ಬೇಸಿಗೆಯಲ್ಲೂ ತಿಳಿಯಬಹುದು: ಬೀದಿಯ ಇಸ್ತ್ರಿ ಅಂಗಡಿಯವರನ್ನು ಕೇಳಿ. 2022ರ ಸೆಪ್ಟೆಂಬರ್ ಮಳೆಯಲ್ಲಿ ಎಲ್ಲಿಯವರೆಗೆ ನೀರು ನಿಂತಿತ್ತು ಎಂದು ಗೋಡೆ ಮುಟ್ಟಿ ತೋರಿಸುತ್ತಾರೆ.

ಇದರ ನಡುವೆ ಒಂದು ಮೋಸದ ವಾಸನೆಯೂ ಬಡಿಯಿತು. ಮೊಬೈಲಿನಲ್ಲಿ ಕಂಡ ಜಾಹೀರಾತೊಂದರಲ್ಲಿ ಬಾಡಿಗೆ ಅನುಮಾನ ಬರುವಷ್ಟು ಕಡಿಮೆ ಇತ್ತು. ಫೋನ್ ಎತ್ತಿದವನು ತಾನು ಸೇನೆಯಲ್ಲಿರುವುದಾಗಿ ಹೇಳಿ, ಗೇಟಿನ ಪಾಸಿಗೆ ಎಂದು ಮೊದಲೇ 2,500 ರೂಪಾಯಿ ಹಾಕಿ, ಮನೆ ನೋಡಿದ ಮೇಲೆ ವಾಪಸು ಕೊಡುತ್ತೇನೆ ಎಂದ. ಮನೆಯನ್ನು ಕಣ್ಣಾರೆ ನೋಡದೆ, ಮಾಲೀಕರ ಹೆಸರಿನ ವಿದ್ಯುತ್ ಬಿಲ್ಲನ್ನೋ ತೆರಿಗೆ ರಸೀದಿಯನ್ನೋ ನೋಡದೆ ಒಂದು ರೂಪಾಯಿಯನ್ನೂ ಕಳುಹಿಸಬೇಡಿ.

ಒಂದು ದಿನ ಕ್ಯಾಂಟೀನಿನಲ್ಲಿ ಊಟ ಮಾಡುತ್ತಿದ್ದಾಗ ಹಿರಿಯ ಸಹೋದ್ಯೋಗಿಯೊಬ್ಬರು, "ಕೆ.ಆರ್. ಪುರಕ್ಕಿಂತ ಆಚೆ ನೋಡಿದ್ದೀರಾ? ಬೆನ್ನಿಗಾನಹಳ್ಳಿ ನಿಲ್ದಾಣದ ಹತ್ತಿರ?" ಎಂದು ಕೇಳಿದರು. ಎರಡು ತುದಿಗಳ ನಡುವೆ ಒಂದು ಮಧ್ಯ ಇದೆ ಎಂಬುದನ್ನು ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಬೆನ್ನಿಗಾನಹಳ್ಳಿಯಿಂದ ಪಟ್ಟಂದೂರು ಅಗ್ರಹಾರಕ್ಕೆ ಅರ್ಧ ಗಂಟೆಯೊಳಗಿನ ಪ್ರಯಾಣ. ಊರಿಗೆ ಹೊರಟಾಗ ಅದೇ ಮಾರ್ಗದ ಎದುರು ದಿಕ್ಕಿನ ರೈಲು ಮೆಜೆಸ್ಟಿಕ್‌ಗೆ ಬಿಡುತ್ತದೆ; ಚೀಲ ಹೊತ್ತು ಮಾರ್ಗ ಬದಲಿಸುವ ಗೋಜಿಲ್ಲ. ದೊಡ್ಡಮ್ಮನ ಮನೆಗೂ ಅದೇ ರೈಲು.

ನಿಲ್ದಾಣದ ಬದಿಯ ಕಸ್ತೂರಿನಗರವನ್ನು ಬೇರೆಬೇರೆ ಹೊತ್ತಿನಲ್ಲಿ ನೋಡಿದೆ. ಬೆಳಗ್ಗೆ ಎಂಟಕ್ಕೆ ನಿಲ್ದಾಣದವರೆಗೆ ನಡೆದೆ. ರಾತ್ರಿ ಒಂಬತ್ತಕ್ಕೆ ಅದೇ ದಾರಿಯಲ್ಲಿ ಒಬ್ಬಳೇ ಹಿಂದಿರುಗಿದೆ. ದೀಪಗಳು ಉರಿಯುತ್ತವೆಯೇ, ಅಂಗಡಿಗಳು ತೆರೆದಿರುತ್ತವೆಯೇ, ಹೆಂಗಸರು ಓಡಾಡುತ್ತಿರುತ್ತಾರೆಯೇ ಎಂದು ನೋಡುವುದಕ್ಕೆ. ಭಾನುವಾರ ಮಧ್ಯಾಹ್ನ ಮಲಗುವ ಹೊತ್ತಿನಲ್ಲಿ ಎಷ್ಟು ಸದ್ದಿರುತ್ತದೆ ಎಂದೂ ನೋಡಿದೆ. ದಲ್ಲಾಳಿಗಳು ತೋರಿಸುವುದು ಬೆಳಗ್ಗೆ ಹನ್ನೊಂದರ ಬಡಾವಣೆಯನ್ನು. ಕೆಲಸಕ್ಕೆ ಹೋಗುವವರು ಆ ಹೊತ್ತಿನಲ್ಲಿ ಬಡಾವಣೆಯಲ್ಲಿ ಇರುವುದೇ ಇಲ್ಲ.

ಮನೆ ಸಿಕ್ಕಿದ್ದು ಗೇಟಿಗೆ ತೂಗುಹಾಕಿದ್ದ "ಮನೆ ಬಾಡಿಗೆಗೆ ಇದೆ" ಎಂಬ ಫಲಕ ನೋಡಿ. ಕೆಳಗೆ ವಯಸ್ಸಾದ ಮಾಲೀಕ ದಂಪತಿ, ಮೊದಲ ಮಹಡಿ ಖಾಲಿ. ಜಲಮಂಡಳಿಯ ಮೀಟರ್ ಗೇಟಿನ ಪಕ್ಕದಲ್ಲೇ ಕಾಣುತ್ತಿತ್ತು. ಆದರೂ ಬಿಲ್ ಕೇಳಿದೆ. ಆ ಅಮ್ಮ ಒಳಗೆ ಹೋಗಿ ಮೊಳೆಗೆ ಚುಚ್ಚಿಟ್ಟಿದ್ದ ಬಿಲ್ಲುಗಳ ಗೊಂಚಲನ್ನೇ ತಂದರು. ಎಷ್ಟು ಜನ, ನೆಂಟರು ಎಷ್ಟು ಬರುತ್ತಾರೆ, ಯಾವ ಊರು, ಮಾಂಸಾಹಾರವೇ ಎಂದು ಅವರ ಪ್ರಶ್ನೆಗಳೂ ಇದ್ದವು. ಕೊನೆಯ ಪ್ರಶ್ನೆಗೆ ಕೊಟ್ಟ ಉತ್ತರದಿಂದಲೇ ಅದಕ್ಕೂ ಮುಂಚೆ ಒಂದೆರಡು ಮನೆಗಳ ಬಾಗಿಲು ಮುಚ್ಚಿತ್ತು. ಇಲ್ಲಿ ಅವರು ಕ್ಷಣ ಸುಮ್ಮನಿದ್ದು, "ಅತ್ತೆಗೆ ಮೊಣಕಾಲು ನೋವು ಎಂದಿರಲ್ಲ, ನಮ್ಮ ಮೆಟ್ಟಿಲು ಎತ್ತರ ಇದೆಯಮ್ಮ. ಅವರನ್ನೇ ಕರೆತಂದು ಒಮ್ಮೆ ಹತ್ತಿಸಿ ನೋಡಿ, ಆಮೇಲೆ ಮಾತಾಡೋಣ" ಎಂದರು. ಬಾಡಿಗೆಗೆ ಕೊಡುವವರು ಹೀಗೆ ಹೇಳಿದ್ದು ಅದೇ ಮೊದಲು. ಅತ್ತೆ ಬಂದರು, ಹತ್ತಿದರು, ಮೇಲಿನ ಮೆಟ್ಟಿಲಲ್ಲಿ ಕುಳಿತು ಸುಧಾರಿಸಿಕೊಂಡರು, "ದಿನಕ್ಕೆ ಒಮ್ಮೆಯಾದರೆ ಅಡ್ಡಿಯಿಲ್ಲ" ಎಂದರು.

ಬಾಡಿಗೆ 24,000 ರೂಪಾಯಿ. ಅಡ್ವಾನ್ಸ್ ಕೇಳಿದ್ದು ಹಳೆಯ ಪದ್ಧತಿಯಂತೆ ಹತ್ತು ತಿಂಗಳಿನದು. ಎಳೆದಾಡಿ ಒಂದೂವರೆ ಲಕ್ಷಕ್ಕೆ ಒಪ್ಪಿಸಿದೆವು. ಫಲಕ ನೋಡಿ ಹೋಗಿದ್ದರೂ ಪಕ್ಕದ ಬೀದಿಯ ದಲ್ಲಾಳಿಯೊಬ್ಬ ಎಲ್ಲಿಂದಲೋ ಪ್ರತ್ಯಕ್ಷನಾಗಿ, ಈ ಮನೆ ತನ್ನ ಮೂಲಕವೇ ಎಂದು ಒಂದು ತಿಂಗಳ ಬಾಡಿಗೆ ಕೇಳಿದ. ಮಾಲೀಕರು ನಡುವೆ ಬಂದು ಅರ್ಧಕ್ಕೆ ಇಳಿಸಿದರು. ಆ 12,000 ನನಗೆ ಈಗಲೂ ಉರಿಯುತ್ತದೆ. ಬಾಡಿಗೆಯೇ ಇಲ್ಲದೆ ದೊಡ್ಡ ಮೊತ್ತ ಕೊಟ್ಟು ಭೋಗ್ಯಕ್ಕೆ ತೆಗೆದುಕೊಳ್ಳಿ ಎಂದು ಬೇರೆ ಕಡೆ ಆಸೆ ತೋರಿಸಿದವರೂ ಇದ್ದರು. ಋಣಭಾರ ಪ್ರಮಾಣಪತ್ರ ತೆಗೆಸಿ, ಆ ಮನೆಯ ಮೇಲೆ ಸಾಲವಿಲ್ಲ ಎಂದು ಖಚಿತವಾಗುವವರೆಗೆ ಭೋಗ್ಯದ ಮಾತಿಗೆ ತಲೆಯಾಡಿಸಬೇಡಿ.

ಕರಾರು ಪತ್ರ 11 ತಿಂಗಳಿನದು. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಣಿ ಮಾಡಿಸುವುದು ಕಡ್ಡಾಯ. ಅದನ್ನು ತಪ್ಪಿಸಲೆಂದೇ ಈ 11ರ ಲೆಕ್ಕ. ಅಂಗಡಿಯಲ್ಲಿ ಸಿದ್ಧವಿರುವ ನಮೂನೆಗೆ ಹೆಸರು ತುಂಬಿ ಸಹಿ ಹಾಕಿಸುವುದು ರೂಢಿ. ಯಜಮಾನರು ಹಾಗೆ ಬಿಡಲಿಲ್ಲ, ಪ್ರತಿ ಸಾಲನ್ನೂ ಓದಿದರು. ಖಾಲಿ ಮಾಡುವಾಗ ನಾವು ಮೂರು ತಿಂಗಳು ಮೊದಲು ತಿಳಿಸಬೇಕು, ಮಾಲೀಕರು ಒಂದೇ ತಿಂಗಳು ಎಂದಿತ್ತು. ಇಬ್ಬರಿಗೂ ಎರಡು ತಿಂಗಳು ಎಂದಾಯಿತು. ಸುಣ್ಣಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ಷರತ್ತನ್ನು ಮಾತ್ರ ಅವರು ಬಿಡಲಿಲ್ಲ. ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ ಮನೆ ಬಾಡಿಗೆ ಭತ್ಯೆಯ ವಿನಾಯಿತಿಗೆ ಮಾಲೀಕರ ಪ್ಯಾನ್ ಬೇಕು. ಅದನ್ನು ಸಹಿಗೆ ಮೊದಲೇ ಕೇಳಿ. ಸಹಿ ಆದ ಮೇಲೆ ಕೊಡಲು ಹಿಂಜರಿಯುವವರಿದ್ದಾರೆ. ಹೊಸ ತೆರಿಗೆ ಪದ್ಧತಿಯಲ್ಲಿ ಆ ವಿನಾಯಿತಿಯೇ ಇಲ್ಲವಾದ್ದರಿಂದ ಅದನ್ನು ಆರಿಸಿಕೊಂಡವರಿಗೆ ಈ ತಲೆಬಿಸಿ ಇಲ್ಲ.

ಏಪ್ರಿಲ್ ಕೊನೆಯಲ್ಲಿ ಸಾಮಾನು ಹೊರಟಿತು. ಹಗಲಿನಲ್ಲಿ ನಗರದೊಳಗೆ ದೊಡ್ಡ ಸರಕು ವಾಹನಗಳಿಗೆ ನಿರ್ಬಂಧವಿರುವುದರಿಂದ ಲಾರಿ ಬಂದದ್ದು ರಾತ್ರಿ ಹತ್ತರ ಮೇಲೆ. ಕೆಳಗಿನ ಮನೆಯವರು ಮಲಗುವ ಹೊತ್ತು ಎಂದು ಮುದುಡಿಕೊಂಡೇ ಬೀರು ಏರಿಸಿದೆವು. ಅಡುಗೆ ಅನಿಲದ ಸಿಲಿಂಡರನ್ನು ಲಾರಿಗೆ ಹಾಕಬೇಡಿ. ಊರಿನ ಏಜೆನ್ಸಿಗೆ ಸಿಲಿಂಡರ್ ಮತ್ತು ರೆಗ್ಯುಲೇಟರ್ ಒಪ್ಪಿಸಿ ವರ್ಗಾವಣೆ ವೋಚರ್ ಪಡೆದರೆ, ಇಲ್ಲಿನ ಏಜೆನ್ಸಿಯಲ್ಲಿ ಅದೇ ಸಂಪರ್ಕ ಮುಂದುವರಿಯುತ್ತದೆ. ಮಗಳ ವರ್ಗಾವಣೆ ಪತ್ರಕ್ಕೂ ಅಷ್ಟೇ, ಹಳೆಯ ಶಾಲೆಯಿಂದ ಹೊರಡುವ ಮುನ್ನ ಎಸ್‌ಎಟಿಎಸ್ ಸಂಖ್ಯೆ (ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ವಿದ್ಯಾರ್ಥಿಯನ್ನು ಗುರುತಿಸುವ ಸಂಖ್ಯೆ), ಹೆಸರಿನ ಕಾಗುಣಿತ, ಜನ್ಮ ದಿನಾಂಕ ಸರಿಯಾಗಿವೆಯೇ ಎಂದು ನೋಡಿಕೊಳ್ಳಿ. ನಮ್ಮದರಲ್ಲಿ ತಂದೆಯ ಹೆಸರಿನ ಒಂದು ಅಕ್ಷರ ಬೇರೆಯಾಗಿತ್ತು. ಅದನ್ನು ಸರಿಪಡಿಸಲು ಯಜಮಾನರು ಮತ್ತೆ ದಾವಣಗೆರೆಗೆ ಹೋಗಿ ಬಂದರು.

ನಾನು ನಿರೀಕ್ಷಿಸದೇ ಇದ್ದ ತೊಡಕು ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಯದು. ಹೊಸ ಮನೆಯ ವಿದ್ಯುತ್ ಸಂಪರ್ಕದ ಆರ್‌ಆರ್ ಸಂಖ್ಯೆಗೆ ನಮ್ಮ ಆಧಾರ್ ಜೋಡಿಸಲು ಹೋದರೆ, ಹಿಂದಿನ ಬಾಡಿಗೆದಾರರ ಆಧಾರ್ ಇನ್ನೂ ಅದಕ್ಕೇ ಅಂಟಿಕೊಂಡಿತ್ತು. ನಮ್ಮದು ದಾವಣಗೆರೆಯ ಹಳೆಯ ಮನೆಗೆ ಅಂಟಿಕೊಂಡಿತ್ತು. ಎರಡೂ ಊರುಗಳು ಬೆಸ್ಕಾಂ ವ್ಯಾಪ್ತಿಯಲ್ಲೇ ಇದ್ದರೂ ತಾನಾಗಿ ಏನೂ ಬದಲಾಗುವುದಿಲ್ಲ. ಸೇವಾ ಸಿಂಧು ಜಾಲತಾಣದಲ್ಲಿ ಜೋಡಣೆ ರದ್ದುಪಡಿಸುವ ಅವಕಾಶವಿದೆ. ಮನೆ ಖಾಲಿ ಮಾಡುವ ದಿನವೇ ನಿಮ್ಮದನ್ನು ರದ್ದುಪಡಿಸಿ, ಹಿಂದಿನವರು ರದ್ದುಪಡಿಸಿದ್ದಾರೆಯೇ ಎಂದು ಮಾಲೀಕರನ್ನು ಕೇಳಿ. 200 ಯೂನಿಟ್ ಎಂಬುದು ಗರಿಷ್ಠ ಮಿತಿ, ಉಚಿತ ಪ್ರಮಾಣ ನಿರ್ಧಾರವಾಗುವುದು ಸರಾಸರಿ ಬಳಕೆಯ ಲೆಕ್ಕದಲ್ಲಿ. ಮೊದಲ ತಿಂಗಳು ನಾವು ಪೂರ್ತಿ ಬಿಲ್ ಕಟ್ಟಿದೆವು.

ಒಟ್ಟು ಖರ್ಚು ಎರಡೂವರೆ ಲಕ್ಷ ರೂಪಾಯಿಯ ಆಸುಪಾಸಿಗೆ ಬಂತು. ಅದರಲ್ಲಿ ಒಂದೂವರೆ ಲಕ್ಷ ಅಡ್ವಾನ್ಸ್, ಮುಂದೆ ಹಿಂದಿರುಗುವ ಹಣ. ಸಾಗಣೆಗೆ 28,000. ಉಳಿದದ್ದು ಮೊದಲ ತಿಂಗಳ ಬಾಡಿಗೆ, ದಲ್ಲಾಳಿ, ಪಿಜಿ, ಓಡಾಟ. ಶಾಲೆಯ ಶುಲ್ಕ ಈ ಲೆಕ್ಕದಲ್ಲಿಲ್ಲ. ಕಂಪನಿ ಸ್ಥಳಾಂತರ ವೆಚ್ಚ ಕೊಡುತ್ತದೆ ಎಂದು ಪತ್ರದಲ್ಲಿದ್ದರೂ ಜಿಎಸ್‌ಟಿ ಬಿಲ್ ಇಲ್ಲದ ಯಾವುದನ್ನೂ ಪರಿಗಣಿಸಲಿಲ್ಲ. ಲಾರಿಯವರು ಬಿಲ್ ಇಲ್ಲದಿದ್ದರೆ ಕಡಿಮೆಗೆ ಬರುತ್ತೇವೆ ಎಂದಾಗ ಒಪ್ಪದೇ ಇದ್ದುದರಿಂದ ಆ ಮೊತ್ತವೊಂದು ಬಂತು, ಅದೂ ಎರಡು ಸಂಬಳ ಕಳೆದ ಮೇಲೆ.

ಮನೆಗೆ ಕಾಲಿಟ್ಟ ರಾತ್ರಿ, ಸಾಮಾನು ಬಿಚ್ಚುವ ಮೊದಲು ಯಜಮಾನರು ಪ್ರತಿ ಕೋಣೆಯ ಗೋಡೆ, ನಲ್ಲಿ, ಕಿಟಕಿಯ ಬಿರುಕು ಬಿಟ್ಟ ಗಾಜು, ವಿದ್ಯುತ್ ಮೀಟರಿನ ಅಂಕಿ ಎಲ್ಲವನ್ನೂ ಮೊಬೈಲಿನಲ್ಲಿ ತೆಗೆದು ಮಾಲೀಕರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದರು. ನನಗೆ ಅದು ಅತಿಯೆನಿಸಿತ್ತು. ಬೆಳಗ್ಗೆ ಕೆಳಗಿನ ಅಮ್ಮ ಮೇಲೆ ಬಂದು, ಒಡೆದ ಗಾಜನ್ನು ಹಾಕಿಸುವುದು ತಮ್ಮ ಕೆಲಸ ಎಂದು ಹೇಳಿ, ಅಳತೆ ತೆಗೆದುಕೊಳ್ಳಲು ಗಾಜಿನ ಅಂಗಡಿಯ ಹುಡುಗನನ್ನೂ ಕರೆದುಕೊಂಡೇ ಬಂದಿದ್ದರು.